ಅಮ್ಮನ ಫೋನು, ಮಗನ ಬೆರಳು

ಕೇಳುಗರೇ, ನಮಸ್ಕಾರ.

ದಸರಾ ರಜೆಗೆ ಅಕ್ಕ ಮಗನನ್ನು ಕರೆದುಕೊಂಡು ನಮ್ಮನೆಗೆ ಬಂದಿದ್ದಳು. ಅವನಿಗೆ ಹನ್ನೊಂದು ವರ್ಷ. ಸೋಫಾ ಮೇಲೆ ಉರುಳಿಕೊಂಡು, ಅಮ್ಮನ ಫೋನಿನಲ್ಲಿ ಯಾವುದೋ ಹೊಸ ಆ್ಯಪ್‌ಗೆ ಖಾತೆ ತೆರೆಯುತ್ತಿದ್ದ. ಹುಟ್ಟಿದ ವರ್ಷ ಕೇಳಿತು. ಹೆಬ್ಬೆರಳಲ್ಲಿ ಸರ್ರನೆ ಉಜ್ಜಿದ. ಅಂಕಿಗಳು ಓಡಿ 1987ಕ್ಕೆ ನಿಂತವು.

"ಏನೋ, ನನಗಿಂತ ದೊಡ್ಡವನಾದ್ಯಲ್ಲೋ!" ಅಂದೆ.

"ಸುಮ್ನಿರು ಮಾಮ, ಅದನ್ನ ಯಾರೂ ನೋಡಲ್ಲ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಖಾತೆ ತೆರೆಯಲು 13 ತುಂಬಿರಬೇಕು ಎನ್ನುತ್ತವೆ ಬಹಳಷ್ಟು ಆ್ಯಪ್‌ಗಳು. ಈ ಲೆಕ್ಕ ಅಮೆರಿಕದ್ದು. 13 ತುಂಬದ ಮಕ್ಕಳ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು ಎಂದು 1998ರಲ್ಲಿ ಅಲ್ಲಿ ಕಾನೂನಾಯಿತು. ಒಪ್ಪಿಗೆ ಕೇಳುವ ತಲೆನೋವು ಯಾರಿಗೆ ಬೇಕು? 13 ಆಗದವರು ಬರುವಂತಿಲ್ಲ ಎಂದು ಬರೆದು ಕಂಪನಿಗಳು ಕೈ ತೊಳೆದುಕೊಂಡವು.

ನಮ್ಮ ದೇಶದ ಕಾನೂನು ಇನ್ನೂ ಬಿಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬುವವರೆಗೂ ಮಗುವೇ. ಹೆತ್ತವರ ಒಪ್ಪಿಗೆ ಬೇಕು, ಅದು ನಿಜವಾಗಿ ಅವರದ್ದೇ ಎಂದು ಕಂಪನಿ ಖಾತ್ರಿ ಮಾಡಿಕೊಳ್ಳಬೇಕು. ಮಗು ಏನು ನೋಡುತ್ತದೆ ಎಂದು ಬೆನ್ನು ಹತ್ತಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಕಂಪನಿಗಳು ತಯಾರಾಗಲು 18 ತಿಂಗಳು ಸಿಕ್ಕಿತು.

ಕಾಗದದಲ್ಲಿ ಚೆನ್ನಾಗಿದೆ. ಆದರೆ ನಮ್ಮ ಅಕ್ಕನ ಮನೆಗೆ ಬನ್ನಿ. ಗ್ಯಾಸ್ ಬುಕ್ ಮಾಡುವವನು ಈ ಹುಡುಗ. ಕರೆಂಟ್ ಬಿಲ್ ಕಟ್ಟುವವನೂ ಅವನೇ. ಒಟಿಪಿ ಬಂದರೆ ಅಡುಗೆಮನೆಯಿಂದ ಅಕ್ಕ ಕೂಗುತ್ತಾಳೆ: "ನೋಡಿ ಹಾಕೋ, ಕೈಯೆಲ್ಲ ಹಿಟ್ಟು." ನಾಳೆ 'ತಾಯಿಯ ಒಪ್ಪಿಗೆ ಇದೆಯೇ' ಎಂದು ಅದೇ ಫೋನಿಗೆ ಸಂದೇಶ ಬಂದರೆ, ಒತ್ತುವ ಬೆರಳು ಯಾರದು?

ಆಸ್ಟ್ರೇಲಿಯಾದವರು ಬೇರೆ ದಾರಿ ಹಿಡಿದರು. 2025ರ ಡಿಸೆಂಬರ್ 10ರಿಂದ ಅಲ್ಲಿ 16 ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ. ಮಕ್ಕಳಿಗೂ ದಂಡವಿಲ್ಲ, ಹೆತ್ತವರಿಗೂ ಇಲ್ಲ. ದಂಡವೆಲ್ಲ ಕಂಪನಿಗೆ. ಪೂರ್ತಿ ನಿಷೇಧದ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ, ಆದರೆ ಹೊರೆಯನ್ನು ಸರಿಯಾದ ಹೆಗಲಿಗೇ ಹೊರಿಸಿದ್ದಾರೆ.

ಇನ್ನು ತಂತ್ರಜ್ಞಾನ. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಪ್ರೊಫೆಸರ್ ಹ್ಯಾನಿ ಫರೀದ್ ಸೇರಿ ಫೋಟೋಡಿಎನ್‌ಎ ಎಂಬುದನ್ನು ಮಾಡಿದರು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಒಮ್ಮೆ ಸಿಕ್ಕರೆ ಸಾಕು, ಅದರಿಂದ ಬೆರಳಚ್ಚಿನಂಥ ಗುರುತು ತೆಗೆದಿಡುತ್ತದೆ. ಆಮೇಲೆ ಯಾರಾದರೂ ಅದರ ಗಾತ್ರ ಬದಲಿಸಿ, ಬಣ್ಣ ತಿದ್ದಿ ಮತ್ತೆ ಹಾಕಿದರೂ ಹಿಡಿಯುತ್ತದೆ. ಆದರೆ ಇವತ್ತು ರಾತ್ರಿ ಅಪರಿಚಿತನೊಬ್ಬ ಪುಸಲಾಯಿಸಿ ಮಗುವಿನಿಂದ ತರಿಸಿಕೊಂಡ ಹೊಸ ಚಿತ್ರದ ಗುರುತು ಅದರ ಹತ್ತಿರ ಇರುವುದಿಲ್ಲ. ಅದು ಗೊತ್ತಿರುವುದು ಅವನಿಗೆ ಮತ್ತು ಮಗುವಿಗೆ ಮಾತ್ರ.

ಅದಕ್ಕೇ ಆ ಸಂಜೆ ಹುಡುಗನನ್ನು ಕೇಳಿದೆ: "ಯಾರಾದ್ರೂ ಫೋಟೋ ಕೇಳಿ ಹೆದರಿಸಿದ್ರೆ ಅಮ್ಮನಿಗೆ ಹೇಳ್ತೀಯ ಅಲ್ವಾ?"

"ಇಲ್ಲ. ಫೋನ್ ಕಿತ್ಕೋತಾಳೆ."

ಅಕ್ಕನಿಗೆ ಕೇಳಿಸಿತು. ಮಾತಾಡಲಿಲ್ಲ.

ಮಕ್ಕಳ ಸಹಾಯವಾಣಿ 1098. ಮಕ್ಕಳೇ ಕರೆ ಮಾಡಬಹುದು, ದುಡ್ಡು ಬೇಕಿಲ್ಲ. ಬಂದ ಮೆಸೇಜುಗಳನ್ನು ಗಾಬರಿಯಲ್ಲಿ ಅಳಿಸಬೇಡಿ, ಪೊಲೀಸರಿಗೆ ಅವೇ ಸಾಕ್ಷಿ. ಊರಿಗೆ ಹೋದ ಮೇಲೆ ಅಕ್ಕ ಗೋಡೆಯ ಕ್ಯಾಲೆಂಡರಿನ ಫೋಟೋ ಕಳಿಸಿದಳು. ಹಾಲಿನ ಲೆಕ್ಕದ ಪಕ್ಕ ದಪ್ಪಕ್ಷರದಲ್ಲಿ 1098 ಅಂತ ಬರೆದಿತ್ತು. ಕೆಳಗೆ ಅವಳದೇ ಕೈಬರಹ: 'ಫೋನ್ ಕಿತ್ಕೊಳ್ಳಲ್ಲ.'

ನಮಸ್ಕಾರ.