ಅಕ್ವೇರಿಯಂ ಗಿಡಕ್ಕೆ ಮಾಮೂಲಿ ಬಿಳಿ ಎಲ್‌ಇಡಿ ಸಾಕು, ಸಾಕು, ಸಾಕು

ನಮಸ್ಕಾರ. ಹೋದ ವಿಡಿಯೊ ಕೆಳಗೆ ಒಬ್ಬ ಹುಡುಗ ಒಂದು ಪ್ರಶ್ನೆ ಹಾಕಿದ್ದ. ಎರಡು ಅಡಿ ಟ್ಯಾಂಕ್ ಇದೆ, ಅನೂಬಿಯಸ್ ಮತ್ತು ಜಾವಾ ಫರ್ನ್ ಗಿಡ ಕಟ್ಟಿದ್ದೇನೆ, ಮಾಮೂಲಿ ಬಿಳಿ ಎಲ್‌ಇಡಿ ಸಾಕಾ ಅಂತ. ಅಷ್ಟೇ ಕೇಳಿದ್ದು. ಅದಕ್ಕೆ ಯಾರೋ ಉತ್ತರ ಕೊಟ್ಟಿದ್ದಾರೆ: "ಒಳ್ಳೆ ಲೈಟ್ ತಗೊಳ್ಳೋಕೆ ಆಗಲ್ಲ ಅಂದ್ರೆ ಪ್ಲಾಸ್ಟಿಕ್ ಗಿಡ ಇಡು." ಅದಕ್ಕೆ ಲೈಕ್ ಬೇರೆ!

ಓದಿ ಮೈ ಉರಿಯಿತು. ಈ ಹವ್ಯಾಸಕ್ಕೆ ಹೊಸಬರು ಬರುವುದೇ ಕಷ್ಟ. ಬಂದವರನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆ ಹೇಗೆ? ಹಾಗಾಗಿ ಇವತ್ತು ಒಂದೇ ಮಾತು. ಸುಲಭದ ಗಿಡಗಳಿಗೆ ಮಾಮೂಲಿ ಬಿಳಿ ಎಲ್‌ಇಡಿ ಸಾಕು.

ಯಾಕೆ ಸಾಕು ಅಂತ ಹೇಳುತ್ತೇನೆ. ಗಿಡ ಆಹಾರ ಮಾಡಿಕೊಳ್ಳುವುದಕ್ಕೆ ಬಳಸುವುದು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕನ್ನು. ಇದನ್ನೇ ಪಾರ್ ಅನ್ನುತ್ತಾರೆ. ನಮ್ಮ ಕಣ್ಣಿಗೆ ಕಾಣುವುದೂ ಹೆಚ್ಚುಕಡಿಮೆ ಅದೇ ಬೆಳಕು. ಬಿಳಿ ಎಲ್‌ಇಡಿಯ ಒಳಗೆ ಇರುವುದು ಒಂದು ನೀಲಿ ಚಿಪ್. ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿಯಲ್ಲಿ ಒಂದು ಪಾಲು ಹಾಗೇ ಹೊರಗೆ ಬರುತ್ತದೆ. ಉಳಿದದ್ದು ಆ ಲೇಪದಲ್ಲಿ ಹಸಿರು, ಹಳದಿ, ಕೆಂಪಾಗಿ ಬದಲಾಗುತ್ತದೆ. ಅಂದರೆ ಗಿಡಕ್ಕೆ ಬೇಕಾದ ನೀಲಿಯೂ ಇದೆ, ಕೆಂಪೂ ಇದೆ. ಇದಕ್ಕಿಂತ ಇನ್ನೇನು ಬೇಕು?

"ಹಸಿರು ಬೆಳಕು ಗಿಡಕ್ಕೆ ದಂಡ, ಅದಕ್ಕೇ ನೇರಳೆ ಬಣ್ಣದ ಗ್ರೋ ಲೈಟ್ ಬೇಕು" ಅನ್ನುತ್ತಾರೆ. ದಂಡ ಅಲ್ಲ. ಎಲೆ ಹಸಿರಾಗಿ ಕಾಣುವುದು ಹಸಿರು ಬೆಳಕಿನ ಒಂದು ಪಾಲನ್ನು ವಾಪಸ್ ಕಳಿಸುವುದರಿಂದ. ಉಳಿದ ಪಾಲನ್ನು ಎಲೆ ಬಳಸಿಯೇ ಬಳಸುತ್ತದೆ. ನೇರಳೆ ಲೈಟ್ ಕೆಳಗೆ ಗಿಡ ಬೆಳೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮೀನಿನ ಬಣ್ಣ ಹೋಗುತ್ತದೆ, ಎಲೆ ಕಪ್ಪಗೆ ಕಾಣುತ್ತದೆ. ಮನೆಯಲ್ಲಿ ಟ್ಯಾಂಕ್ ಇಟ್ಟುಕೊಳ್ಳುವುದು ನೋಡುವುದಕ್ಕೆ ತಾನೇ?

ಇನ್ನು ಕೆಲ್ವಿನ್. ಡಬ್ಬಿ ಮೇಲೆ 6500 ಕೆಲ್ವಿನ್ ಅಂತ ಬರೆದಿದ್ದರೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕೂಲ್ ಡೇಲೈಟ್ ಅಂತ ಬರೆದಿರುತ್ತಾರೆ. 5000 ಇದ್ದರೂ ಗಿಡ ಸಾಯುವುದಿಲ್ಲ, 8000 ಇದ್ದರೂ ಸಾಯುವುದಿಲ್ಲ. ಕೆಲ್ವಿನ್ ಹೇಳುವುದು ಬೆಳಕು ನಮ್ಮ ಕಣ್ಣಿಗೆ ಬೆಚ್ಚಗೆ ಕಾಣುತ್ತದಾ, ತಣ್ಣಗೆ ಕಾಣುತ್ತದಾ ಅನ್ನುವುದನ್ನು. 6500ರಲ್ಲಿ ಹಸಿರು ಚೆನ್ನಾಗಿ ಎದ್ದು ಕಾಣುತ್ತದೆ, ಅದಕ್ಕೇ ಹೇಳುವುದು.

ವಾಟ್ ಲೆಕ್ಕ ಬಿಟ್ಟುಬಿಡಿ. ಲೀಟರಿಗೆ ಇಷ್ಟು ವಾಟ್ ಅನ್ನುವುದು ಟ್ಯೂಬ್‌ಲೈಟ್ ಕಾಲದ ಮಾತು. ಎಲ್‌ಇಡಿಯಲ್ಲಿ ಅದೇ ವಾಟ್‌ಗೆ ಬೆಳಕು ಜಾಸ್ತಿ ಬರುತ್ತದೆ. ಲ್ಯೂಮೆನ್ ನೋಡಿ, ಅಂದರೆ ಲೈಟಿನಿಂದ ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತದೆ ಅನ್ನುವ ಅಳತೆ. ಲ್ಯೂಮೆನ್ ಮನುಷ್ಯರ ಕಣ್ಣಿಗೆ ಮಾಡಿದ ಅಳತೆ, ಗಿಡಕ್ಕಲ್ಲ ಅಂತ ಈಗಲೇ ಟೈಪ್ ಮಾಡುತ್ತಿದ್ದೀರಿ ಅಲ್ವಾ? ಗೊತ್ತು. ಒಂದು ಬಿಳಿ ಲೈಟನ್ನು ಇನ್ನೊಂದು ಬಿಳಿ ಲೈಟ್ ಜೊತೆ ಹೋಲಿಸುವುದಕ್ಕೆ ಅದು ಧಾರಾಳ ಸಾಕು. ಸುಲಭದ ಗಿಡಗಳಿಗೆ ಲೀಟರಿಗೆ ಸುಮಾರು 20 ಲ್ಯೂಮೆನ್ ಇಟ್ಟುಕೊಳ್ಳಿ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಟ್ಯಾಂಕ್ 54 ಲೀಟರ್ ಹಿಡಿಯುತ್ತದೆ. ಸಾವಿರ ಲ್ಯೂಮೆನ್ ಆಯಿತು. 10-12 ವಾಟ್‌ನ ಸಾಧಾರಣ ಎಲ್‌ಇಡಿ ಅಷ್ಟು ಕೊಡುತ್ತದೆ. ಟ್ಯಾಂಕ್ ಎತ್ತರ ಇದ್ದರೆ ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ಕೆಳಗೆ ಹೋದಷ್ಟೂ ಬೆಳಕು ಕಡಿಮೆಯಾಗುತ್ತದೆ. ಲೆಕ್ಕ ಇಷ್ಟೇ.

ಇಲ್ಲೇ ಒಂದು ಮಾತು. ಈ ಚಾನೆಲ್ ಯಾವ ಲೈಟ್ ಕಂಪನಿಯಿಂದಲೂ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಸಬ್‌ಸ್ಕ್ರಿಪ್ಶನ್ ಮೇಲೆ ನಡೆಯುತ್ತಿದೆ. ಇನ್ನೂ ಒತ್ತಿಲ್ಲ ಅಂದರೆ ಈಗ ಒತ್ತಿ, ನಾನು ಕಾಯುತ್ತೇನೆ. ಒತ್ತಿದಿರಾ? ಸರಿ.

ಈಗ ದುಬಾರಿ ಲೈಟ್ ಪಕ್ಷದವರ ದೊಡ್ಡ ಅಸ್ತ್ರಕ್ಕೆ ಬರೋಣ. "ನಾನು ಅಗ್ಗದ ಲೈಟ್ ಹಾಕಿದೆ, ವಾರದಲ್ಲಿ ಗಿಡ ಕರಗಿಹೋಯಿತು." ಯಾವ ಗಿಡ ಅಂತ ಕೇಳಿ. ಹತ್ತರಲ್ಲಿ ಎಂಟು ಸಲ ಕ್ರಿಪ್ಟೊಕೊರೈನ್ ಅನ್ನುತ್ತಾರೆ. ಅಲ್ಲಾ ಸ್ವಾಮಿ, ಕ್ರಿಪ್ಟ್ ಜಾಗ ಬದಲಾದರೆ ಕರಗುತ್ತದೆ! ನೀರು ಬದಲಾದರೆ ಕರಗುತ್ತದೆ. ನೀವು ಎಷ್ಟೇ ದುಬಾರಿ ಲೈಟ್ ಹಾಕಿದ್ದರೂ ಕರಗುತ್ತಿತ್ತು. ಎಷ್ಟೋ ಅಕ್ವೇರಿಯಂ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ನೀರಲ್ಲಿ ಮುಳುಗಿಸಿದಾಗ ಆ ಹಳೆ ಎಲೆ ಉದುರುತ್ತದೆ, ನೀರಿಗೆ ಹೊಂದುವ ಹೊಸ ಎಲೆ ಬರುತ್ತದೆ. ಕ್ರಿಪ್ಟ್ ಪೂರ್ತಿ ಕರಗಿದರೂ ಬೇರು ಕಿತ್ತು ಬಿಸಾಡಬೇಡಿ. ಕರಗಿದ ಎಲೆ ತೆಗೆದು ಹಾಕಿ ಸುಮ್ನೆ ಬಿಡಿ, ಬೇರಿಂದ ಮತ್ತೆ ಚಿಗುರುತ್ತದೆ. ಕಾದು ನೋಡುವ ತಾಳ್ಮೆ ಇಲ್ಲ, ಬೈಗುಳ ಮಾತ್ರ ಲೈಟಿಗೆ.

ಬೆಳಕು ಸಾಕಾ ಇಲ್ವಾ ಅಂತ ಹಳೆ ಎಲೆ ನೋಡಿ ತೀರ್ಮಾನ ಮಾಡಬೇಡಿ. ಹೊಸ ಎಲೆ ನೋಡಿ. ಅನೂಬಿಯಸ್‌ನಲ್ಲಿ ಹೊಸ ಎಲೆ ಸುರುಳಿ ಸುತ್ತಿಕೊಂಡು, ತಿಳಿ ಹಸಿರಾಗಿ, ಹೊಳೆಯುತ್ತಾ ಬರುತ್ತದೆ. ಆಮೇಲೆ ನಿಧಾನಕ್ಕೆ ಬಿಚ್ಚಿಕೊಂಡು ಗಟ್ಟಿಯಾಗುತ್ತದೆ. ಅದು ಬರುತ್ತಿದೆಯಾ? ಹಾಗಾದರೆ ನಿಮ್ಮ ಲೈಟ್ ಸಾಕು. ಕಾಂಡದ ಗಿಡಗಳಲ್ಲಿ ಗೆಣ್ಣಿಗೂ ಗೆಣ್ಣಿಗೂ ಅಂತರ ಜಾಸ್ತಿಯಾಗಿ, ಗಿಡ ಬಡಕಲಾಗಿ ಮೇಲೆ ಮೇಲೆ ಎಳೆದುಕೊಂಡು, ಕೆಳಗಿನ ಎಲೆ ಉದುರುತ್ತಿದ್ದರೆ ಆಗ ಬೆಳಕು ಕಡಿಮೆ ಅಂತ ಅನುಮಾನ ಪಡಿ.

ಆದರೆ ನಾನು ನೋಡಿದ ಟ್ಯಾಂಕ್‌ಗಳಲ್ಲಿ ಬೆಳಕು ಸಾಲದೆ ಕೆಟ್ಟದ್ದಕ್ಕಿಂತ ಬೆಳಕು ಜಾಸ್ತಿಯಾಗಿ ಕೆಟ್ಟದ್ದೇ ಹೆಚ್ಚು. ಇದನ್ನು ಆ ಲೈಕ್ ಒತ್ತಿದವರು ಕೇಳಿಸಿಕೊಳ್ಳಬೇಕು. ಅನೂಬಿಯಸ್ ಬೆಳೆಯುವುದೇ ನಿಧಾನ. ಒಂದು ಎಲೆ ತಿಂಗಳುಗಟ್ಟಲೆ ಇರುತ್ತದೆ. ಅದರ ಮೇಲೆ ದುಬಾರಿ ಲೈಟ್ ತಂದು ದಿನಕ್ಕೆ ಹತ್ತು ಹನ್ನೆರಡು ಗಂಟೆ ಪೂರ್ತಿ ಉರಿಸಿದರೆ ಏನಾಗುತ್ತದೆ? ಎಲೆ ಮೇಲೆ ಸಣ್ಣ ಸಣ್ಣ ದುಂಡನೆ ಹಸಿರು ಚುಕ್ಕೆ. ಉಗುರಿನಿಂದ ಕೆರೆದರೂ ಬಿಡುವುದಿಲ್ಲ, ಅಷ್ಟು ಗಟ್ಟಿ. ಆಮೇಲೆ ಎಲೆ ಅಂಚಿಗೆ ಕಪ್ಪು ಕುಚ್ಚಿನ ಹಾಗೆ ಪಾಚಿ. ಬೆಳಕು ಏರಿಸಿದರೆ ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬೇಕು, ಗೊಬ್ಬರ ಜಾಸ್ತಿ ಬೇಕು. ಅದೆರಡೂ ಕೊಡದೆ ಬೆಳಕು ಮಾತ್ರ ಕೊಡುವುದು ನೀರಿಲ್ಲದ ಪಾತ್ರೆ ಕೆಳಗೆ ಉರಿ ಜಾಸ್ತಿ ಮಾಡಿದ ಹಾಗೆ. ಗಿಡ ಬಳಸದೆ ಬಿಟ್ಟ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ. ಪಾಚಿ ಬಗ್ಗೆ ಪೂರ್ತಿ ಸರಣಿ ಮಾಡಿದ್ದೇನೆ, ಪ್ಲೇಲಿಸ್ಟ್‌ನಲ್ಲಿದೆ, ದಯವಿಟ್ಟು ನೋಡಿ.

"ಹಾಗಾದರೆ ಕೆಂಪು ರೋಟಾಲ? ನೆಲಕ್ಕೆ ಹಾಸಿದ ಹಾಗೆ ಹಬ್ಬುವ ಮಾಂಟೆ ಕಾರ್ಲೊ ಕಾರ್ಪೆಟ್?" ಬಂತು ನೋಡಿ. ಅದಕ್ಕೆ ಬೆಳಕು ಜಾಸ್ತಿ ಬೇಕು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕು, ವಾರ ವಾರ ಕತ್ತರಿ ಆಡಿಸಬೇಕು. ಅದೇ ಬೇರೆ ಲೋಕ. ಹುಡುಗ ಕೇಳಿದ್ದು ಅನೂಬಿಯಸ್! ಜಾವಾ ಫರ್ನ್! ನೆರಳಲ್ಲಿ ಕೂತು ಬೆಳೆಯುವ ಗಿಡಗಳು. ಅವನಿಗೆ ಬಿಳಿ ಎಲ್‌ಇಡಿ ಸಾಕು.

ಉಳಿದ ಹಣದಲ್ಲಿ ಒಂದು ಟೈಮರ್ ತೆಗೆದುಕೊಳ್ಳಿ. ಹೊಸ ಟ್ಯಾಂಕ್‌ಗೆ ದಿನಕ್ಕೆ 6 ಗಂಟೆ. ಗಿಡ ಹಿಡಿದುಕೊಂಡ ಮೇಲೆ 8. ನೆಂಟರು ಬಂದರು ಅಂತ ರಾತ್ರಿ ಹನ್ನೊಂದರ ತನಕ ಉರಿಸಬೇಡಿ. ಬೆಳಕು ಜಾಸ್ತಿ ಅನಿಸಿದರೆ ಲೈಟನ್ನು ಒಂದು ಗೇಣು ಮೇಲಕ್ಕೆ ಎತ್ತಿ ಕಟ್ಟಿ. ಖರ್ಚಿಲ್ಲದ ಡಿಮ್ಮರ್. ಇಲ್ಲವೇ ತೇಲುವ ಗಿಡ ಬಿಡಿ, ಅದೇ ನೆರಳು ಕೊಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಗ್ಗ ಬೇಡ, ಅದು ಕರೆಂಟು. ನೀರಿನ ಮೇಲೆ ಕೂರುವ ವಸ್ತು ಇದು. ನೀರು ಸಿಡಿದರೂ ತಡೆಯುವ ಐಪಿ 65 ಗುರುತು ಇರಲಿ. 12 ವೋಲ್ಟ್ ಅಡಾಪ್ಟರ್ ಇರುವ ಲೈಟ್ ಸಿಕ್ಕರೆ ಅದೇ ಒಳ್ಳೆಯದು. ಲೋಹದ ಫ್ಲಡ್‌ಲೈಟ್ ಆದರೆ ಅರ್ಥಿಂಗ್ ಕಡ್ಡಾಯ. ವಯರ್ ಪ್ಲಗ್ಗಿಗಿಂತ ಕೆಳಗೆ ಬಳುಕಿ ಆಮೇಲೆ ಮೇಲೆ ಹೋಗಬೇಕು. ಆಗ ಹನಿ ನೀರು ಪ್ಲಗ್ಗಿಗೆ ಹೋಗದೆ ಅಲ್ಲೇ ಕೆಳಗೆ ಬೀಳುತ್ತದೆ. ಬರಿ ಸ್ಟ್ರಿಪ್ ತಂದು ಟೇಪ್ ಸುತ್ತಿ ನೇತುಹಾಕುವವರು ಈ ಮಾತನ್ನು ಇನ್ನೊಮ್ಮೆ ಕೇಳಿ.

ಮತ್ತೆ ಹೇಳುತ್ತೇನೆ, ಬಿಳಿ ಎಲ್‌ಇಡಿ ಸಾಕು. ಆಪ್‌ನಲ್ಲಿ ಗುಡುಗು ಮಿಂಚು ಬರುತ್ತದೆ, ಮೋಡ ಬರುತ್ತದೆ ಅಂತ ಲೈಟ್ ಮಾರುತ್ತಾರೆ. ಮೀನಿಗೆ ಗುಡುಗು ಯಾಕೆ? ಅನೂಬಿಯಸ್‌ಗೆ ಬ್ಲೂಟೂತ್ ಯಾಕೆ? ಹದಿನಾರು ಬಣ್ಣದ ರಿಮೋಟ್ ಯಾಕೆ? ನಿಮಗೆ ಇಷ್ಟ, ದುಡ್ಡಿದೆ, ತೆಗೆದುಕೊಳ್ಳಿ, ಖುಷಿ ಪಡಿ. ಆದರೆ ದುಡ್ಡಿಲ್ಲದ ಹುಡುಗನಿಗೆ ಪ್ಲಾಸ್ಟಿಕ್ ಗಿಡ ಇಡು ಅನ್ನಬೇಡಿ. ಅನ್ನಲೇಬೇಡಿ. ಸಾಕು ಅಂದರೆ ಸಾಕು!

ಸರಿ, ಗಂಟಲು ಒಣಗಿತು. ವಿಡಿಯೊ ಇಷ್ಟವಾದರೆ ಹೊಸದಾಗಿ ಟ್ಯಾಂಕ್ ಇಡುತ್ತಿರುವವರಿಗೆ ಕಳಿಸಿ. ನಿಮ್ಮ ಟ್ಯಾಂಕ್ ಸರಿ ಇದೆಯಾ ಅಂತ ನನ್ನನ್ನು ಕೇಳುವವರು ಉದ್ದ, ಅಗಲ, ಎತ್ತರ, ಗಿಡದ ಹೆಸರು, ದಿನಕ್ಕೆ ಎಷ್ಟು ಗಂಟೆ ಲೈಟ್ ಅನ್ನುವುದನ್ನು ಬರೆಯಿರಿ. ಲ್ಯೂಮೆನ್ ಗೊತ್ತಿದ್ದರೆ ಅದೂ ಇರಲಿ. ಹೊಸ ಎಲೆಯ ಫೋಟೊ ಹಾಕಿ, ಹತ್ತಿರದಿಂದ ತೆಗೆದದ್ದು. ಯಾವ ಕಂಪನಿ ಲೈಟ್ ಅಂತ ಮಾತ್ರ ಬರೆಯಬೇಡಿ, ನನಗೆ ಅದು ಬೇಕಾಗಿಲ್ಲ.