ಮಕ್ಕಳು ತಾವೇ ಹೋಗಲಿ, ತಾವೇ ಬರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ನಡೀತಾ ಇದೆ. ಮಕ್ಕಳಿಗೆ ಬೆಳಿಗ್ಗೆ ಈಜು, ಹತ್ತು ಗಂಟೆಗೆ ಚಿತ್ರಕಲೆ, ಮಧ್ಯಾಹ್ನ ಅಬ್ಯಾಕಸ್, ಸಂಜೆ ಕರಾಟೆ. ಸ್ಕೂಟರಿನ ಹಿಂದೆ ಕೂತು ಹೋಗುತ್ತವೆ, ಸ್ಕೂಟರಿನ ಹಿಂದೆ ಕೂತು ಬರುತ್ತವೆ. ಅಷ್ಟೆಲ್ಲ ಓಡಾಡಿಸಿ ನೀವು ಸುಸ್ತಾಗಿ ಕೂತರೆ, ಮಗು ಬಂದು ‘ಅಮ್ಮಾ, ಬೋರು’ ಅನ್ನುತ್ತದೆ. ನನ್ನದು ಒಂದೇ ಪ್ರಶ್ನೆ: ಇಡೀ ದಿನದಲ್ಲಿ ಆ ಮಗು ತನ್ನ ಕಾಲ ಮೇಲೆ, ಒಂಟಿಯಾಗಿ, ಎಷ್ಟು ದೂರ ಹೋಯಿತು?

ಹೆಚ್ಚಿನ ಮನೆಗಳಲ್ಲಿ ಉತ್ತರ ಸೊನ್ನೆ.

ನನ್ನ ನೌಕರಿಯೆಲ್ಲ ಊರಿನ ನಕ್ಷೆಗಳ ಮುಂದೆಯೇ ಕಳೆಯಿತು. ಬಡಾವಣೆ ಎಲ್ಲಿ ಬರಬೇಕು, ರಸ್ತೆ ಎಷ್ಟು ಅಡಿ, ಪಾರ್ಕಿಗೆ ಎಷ್ಟು ಜಾಗ, ಇಂಥವು. ಪಾರ್ಕು ಕೊಡಿ ಎಂದು ಅರ್ಜಿ ತಂದವರನ್ನು ಬೇಕಾದಷ್ಟು ನೋಡಿದ್ದೇನೆ. ಪಾರ್ಕಿಗೆ ಮಗು ಒಂಟಿಯಾಗಿ ನಡೆದುಹೋಗುವ ಹಾಗೆ ದಾರಿ ಮಾಡಿ ಎಂದು ಕೇಳಿದವರು ಒಬ್ಬರೂ ಬರಲಿಲ್ಲ. ಇವತ್ತು ನಾನು ಹೇಳಹೊರಟಿರುವುದೂ ಆ ದಾರಿಯ ಮಾತನ್ನೇ. ಮಕ್ಕಳು ತಾವೇ ಹೋಗಬೇಕು, ತಾವೇ ಬರಬೇಕು.

ಮೊದಲು ಇಂಗ್ಲೆಂಡಿನ ಒಂದು ಲೆಕ್ಕ ಕೇಳಿ. 1971ರಲ್ಲಿ ಅಲ್ಲಿ ಏಳೆಂಟು ವರ್ಷದ ನೂರು ಮಕ್ಕಳಲ್ಲಿ ಎಂಬತ್ತು ಮಕ್ಕಳು ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಮೇಯರ್ ಹಿಲ್‌ಮನ್ ಎಂಬ ಹೆಸರಿನ ಸಂಶೋಧಕರು ಮತ್ತು ಅವರ ಸಂಗಡಿಗರು ಅದೇ ಪ್ರಶ್ನೆ ಕೇಳಿದಾಗ ಹಾಗೆ ಹೋಗುವವರು ಒಂಬತ್ತು ಮಕ್ಕಳು. ಎಂಬತ್ತು ಇದ್ದದ್ದು ಒಂಬತ್ತು! ಈ ಅವಧಿಯಲ್ಲಿ ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳ ಸಂಖ್ಯೆಯೂ ಇಳಿದಿತ್ತು. ರಸ್ತೆಗಳು ಸುರಕ್ಷಿತವಾದವು ಎಂದು ಸರ್ಕಾರದವರು ಬೆನ್ನು ತಟ್ಟಿಕೊಂಡರು. ಹಿಲ್‌ಮನ್ ಏನು ಹೇಳಿದರು ಗೊತ್ತೇ? ರಸ್ತೆ ಸುಧಾರಿಸಿಲ್ಲ ಸ್ವಾಮಿ, ನೀವು ಮಕ್ಕಳನ್ನು ರಸ್ತೆಯಿಂದ ಎತ್ತಿ ಮನೆಯೊಳಗೆ ಕೂರಿಸಿದ್ದೀರಿ ಅಂದರು. ಈಗ ನಮ್ಮಲ್ಲಿ ನಡೆದಿರುವುದೂ ಅದೇ, ಲೆಕ್ಕ ಇಡುವವರಿಲ್ಲ ಅಷ್ಟೆ.

ಮೈಸೂರಿಗೆ ಬರೋಣ. ಪ್ಲೇಗು ಬಂದುಹೋದ ಮೇಲೆ, 1903ರಲ್ಲಿ, ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಶುರುವಾಯಿತು. ಗಾಳಿ ಬೆಳಕು ಇರುವ ಬಡಾವಣೆಗಳು ಎದ್ದವು. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಕಿರಿದಾದ ಓಣಿ ನೋಡಿರುತ್ತೀರಿ, ನಾವು ಕನ್ಸರ್ವೆನ್ಸಿ ಅನ್ನುತ್ತೇವಲ್ಲ, ಅದು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಬಂದುಹೋಗಲು ಬಿಟ್ಟ ದಾರಿ. ಆ ಕೆಲಸಕ್ಕೆ ಯಾರನ್ನು ಹಚ್ಚಿದ್ದೆವು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು, ಹೆಮ್ಮೆಪಡುವ ಚರಿತ್ರೆಯಲ್ಲ. ಒಳಚರಂಡಿ ಬಂದ ಮೇಲೆ ದೊಡ್ಡವರು ಆ ಓಣಿಯನ್ನು ಮರೆತರು. ಮಕ್ಕಳು ಮರೆಯಲಿಲ್ಲ. ಕ್ರಿಕೆಟ್ಟು ಅಲ್ಲೇ, ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆಯಲು ಕಲಿತದ್ದೂ ಅಲ್ಲೇ. ಕಾರು ನುಗ್ಗದ ದಾರಿ, ಇನ್ನೇನು ಬೇಕು?

ಇಲ್ಲಿ ಒಂದು ಕಥೆ ಹೇಳಲೇಬೇಕು. ನನ್ನನ್ನು ಬಲ್ಲವರು ‘ಅಯ್ಯೋ, ಮತ್ತೆ ಹೆಪ್ಪಿನ ಕಥೆ’ ಎಂದು ನಗುತ್ತಾರೆ. ನಗಲಿ.

ಚಾಮರಾಜಪುರಂ ಕಡೆ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಸಂಜೆ ಹಾಲು ಕಾಯಿಸಿಟ್ಟಿದ್ದಾರೆ, ಮನೆಯಲ್ಲಿ ಹೆಪ್ಪಿಲ್ಲ. ಗೆಳತಿಯ ತಾಯಿ ಮೊಮ್ಮಗಳನ್ನು ಕರೆದು, ‘ಪುಟ್ಟಿ, ದೊಡ್ಡಮ್ಮನ ಮನೆಯಿಂದ ಒಂದು ಚಮಚ ಮೊಸರು ಇಸ್ಕೊಂಡು ಬಾ’ ಎಂದು ಸ್ಟೀಲ್ ಡಬ್ಬಿ ಕೊಟ್ಟರು. ಹುಡುಗಿಗೆ ಒಂಬತ್ತು ವರ್ಷ. ನಾನೂ ಬರಲೇನೇ ಅಂದೆ. ಮೇಲಿಂದ ಕೆಳಗೆ ನೋಡಿ, ‘ಬನ್ನಿ ಅಜ್ಜಿ, ಆದ್ರೆ ನೀಲಿ ಗೇಟ್ ಹತ್ರ ಮಾತಾಡ್ಬಾರ್ದು’ ಅಂದಳು. ಆಗಿನ್ನೂ ಯಾರೂ ನನ್ನನ್ನು ಅಜ್ಜಿ ಅಂದಿರಲಿಲ್ಲ. ಇರಲಿ.

ದೊಡ್ಡಮ್ಮನ ಮನೆ ಎರಡು ಬೀದಿ ಆಚೆ. ನನ್ನ ನಕ್ಷೆಯ ಪ್ರಕಾರ ಎಡಕ್ಕೆ ಹೋಗಿ, ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ. ಈ ಹುಡುಗಿ ಹಿತ್ತಿಲ ಬಾಗಿಲು ತೆಗೆದು ಕನ್ಸರ್ವೆನ್ಸಿಗೆ ಇಳಿದಳು. ಮೋರಿಯ ಮೇಲೆ ಚಪ್ಪಡಿ ಹಾಸಿದ್ದರು, ಅದರ ಮೇಲೇ ನಡೆದಳು. ಯಾವ ಚಪ್ಪಡಿ ಅಲ್ಲಾಡುತ್ತದೆ, ಯಾವುದು ಅಲ್ಲಾಡಲ್ಲ, ಎಲ್ಲ ಗೊತ್ತು. ಅಲ್ಲಾಡುವುದರ ಮೇಲೆ ಬೇಕಂತಲೇ ಎರಡು ಸಲ ಕುಣಿದಳು, ಟಕ್ ಟಕ್ ಎಂದು ಸದ್ದು ಬರಲಿ ಅಂತ. ನೀಲಿ ಗೇಟು ಬಂತು. ತುಟಿಯ ಮೇಲೆ ಬೆರಳಿಟ್ಟಳು. ಗೇಟಿನ ಒಳಗೆ ಹಸುವಿನಷ್ಟಿದ್ದ ನಾಯಿ ಮಲಗಿತ್ತು. ದಾಟಿದ ಮೇಲೆ ಮೆಲ್ಲಗೆ, ‘ಐದೂವರೆ ಆದ್ಮೇಲೆ ಅದನ್ನ ವಾಕಿಂಗ್ ಕರ್ಕೊಂಡು ಹೋಗ್ತಾರೆ, ಆಗ ಇಲ್ಲಿ ಮಾತಾಡಬಹುದು’ ಅಂದಳು. ನಾಯಿಯ ವೇಳಾಪಟ್ಟಿ!

ಓಣಿ ಮುಗಿಯುವಲ್ಲಿ ಟೈಲರ್ ಅಂಗಡಿ. ನಿಂತಳು. ಅವರು ಏನೂ ಕೇಳದೆ ಒಂದಷ್ಟು ಬಟ್ಟೆ ಚೂರು ಕೊಟ್ಟರು, ಗೊಂಬೆಗೆ. ಮುಂದೆ ಇಸ್ತ್ರಿ ಗಾಡಿ. ‘ಎಲ್ಲಿಗೆ ಪುಟ್ಟಿ, ದೊಡ್ಡಮ್ಮನ ಮನೆಗಾ?’ ಅಂತ ಇಸ್ತ್ರಿಯವರು ಕೇಳುತ್ತಲೇ ನನ್ನ ಕಡೆ ಒಂದು ನೋಟ ಬೀರಿದರು. ಈ ಹೆಂಗಸು ಯಾರು, ಮಗುವಿನ ಜೊತೆ ಯಾಕಿದ್ದಾಳೆ ಎಂಬ ನೋಟ. ನನಗೆ ಖುಷಿಯಾಯಿತು, ನಿಜವಾಗಿ. ಆಮೇಲೆ ದೊಡ್ಡ ರಸ್ತೆ. ಅಲ್ಲಿ ಹುಡುಗಿ ತಾನಾಗಿ ನನ್ನ ಕೈ ಹಿಡಿದಳು. ಹೂ ಮಾರುವ ಹೆಂಗಸಿನ ಪಕ್ಕ ನಿಂತೆವು. ಆಕೆ ಮಾಲೆ ಕಟ್ಟುವುದನ್ನು ಬಿಟ್ಟು ರಸ್ತೆ ನೋಡಿ ‘ಹ್ಞೂಂ, ಓಡು’ ಅಂದ ಮೇಲೇ ದಾಟಿದ್ದು. ಅಜ್ಜಿ ಹಾಕಿದ ನಿಯಮವಂತೆ ಅದು: ಹೂವಮ್ಮ ಹೇಳದೆ ದಾಟಬಾರದು.

ವಾಪಸ್ ಬರುವಾಗ ಕನ್ಸರ್ವೆನ್ಸಿಗೆ ಇಳಿಯಲಿಲ್ಲ. ಯಾಕೇ ಅಂದೆ. ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ‘ಚಪ್ಪಡಿ ಅಲ್ಲಾಡುತ್ತಲ್ಲ ಅಜ್ಜಿ, ಮೊಸರು ಚೆಲ್ಲುತ್ತೆ’ ಅಂದಳು. ಹೋಗುವುದಕ್ಕೆ ಒಂದು ದಾರಿ, ಬರುವುದಕ್ಕೆ ಇನ್ನೊಂದು. ನನ್ನ ಕಚೇರಿಯಲ್ಲಿ ಇಷ್ಟು ಯೋಚನೆ ಮಾಡಿ ರಸ್ತೆ ಎಳೆದವರು ಕಡಿಮೆ. ಮನೆಗೆ ಬಂದಾಗ ಮುಕ್ಕಾಲು ಗಂಟೆ ಆಗಿತ್ತು. ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ! ಅವರ ಮನೆಯಲ್ಲಿ ಯಾರಿಗೂ ಗಾಬರಿ ಇಲ್ಲ. ಹಾಲು ಮಾತ್ರ ಆರಿಹೋಗಿ ಮತ್ತೆ ಬೆಚ್ಚಗೆ ಮಾಡಬೇಕಾಯಿತು.

ಟೈಲರು, ಇಸ್ತ್ರಿಯವರು, ಹೂವಮ್ಮ. ಇವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಬೀದಿಯಲ್ಲಿ ಇಂಥವರ ಕಣ್ಣು ಇರುವುದೇ ಕಾವಲು ಎಂದು ನಗರಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದರು. ಆದರೆ ಮಗು ಬೀದಿಗೇ ಇಳಿಯದಿದ್ದರೆ ಈ ಕಣ್ಣಿಗೆ ಅದರ ಗುರುತೇ ಹತ್ತುವುದಿಲ್ಲ. ರಿಂಗ್ ರಸ್ತೆಯ ಆಚೆ ಒಂದು ಅಪಾರ್ಟ್‌ಮೆಂಟಿನಲ್ಲಿ ಅದೇ ವಯಸ್ಸಿನ ಹುಡುಗನನ್ನು, ‘ನಿನ್ನ ಶಾಲೆಗೆ ದಾರಿ ಹೇಳಪ್ಪ’ ಅಂದೆ. ‘ಲಿಫ್ಟು, ಬೇಸ್‌ಮೆಂಟು, ವ್ಯಾನು, ಸ್ಕೂಲು’ ಅಂದ. ಜಾಣ ಹುಡುಗ. ಅವನು ಕಂಡಿರುವ ಊರು ಅಷ್ಟೇ.

ಗಾಜಿನ ಆಚೆಯಿಂದ ಆಕಾಶವಾಣಿಯ ಗೆಳೆಯರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಈಗಿನ ಕಾಲ ಹಾಗಿಲ್ಲ ಮೇಡಂ, ಅನ್ನುತ್ತೀರಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ. 2018ರಲ್ಲಿ ಇಂಥದೇ ಸುಳ್ಳು ನಂಬಿ, ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಅಟ್ಟಿಸಿಕೊಂಡು ಹೋಗಿ, ಅವರಲ್ಲಿ ಒಬ್ಬ ಯುವಕನನ್ನು ಹೊಡೆದು ಕೊಂದರು. ಮಕ್ಕಳಿಗೆ ನಿಜವಾಗಿ ಅಪಾಯ ತರುವುದು ಗಾಡಿ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು, ಚಾಲಕ ಮಗುವನ್ನು ಕಂಡ ಮೇಲೆ, ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರ ವೇಗದಲ್ಲಿದ್ದರೆ 28 ಮೀಟರ್ ಬೇಕು. ಮನೆ ಮುಂದೆ ಸಾಲಾಗಿ ಕಾರು ನಿಲ್ಲಿಸಿದರೆ, ಅದರ ಹಿಂದಿರುವ ಏಳು ವರ್ಷದ ಮಗು ಚಾಲಕನಿಗೆ ಕಾಣುವುದೇ ಇಲ್ಲ. ಆ ಕಾರು ನಿಮ್ಮದೂ ಹೌದು, ನನ್ನದೂ ಹೌದು.

ನೆದರ್‌ಲ್ಯಾಂಡಿನಲ್ಲಿ 1971ರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ತಂದೆತಾಯಿ ಬೀದಿಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಚಳವಳಿಯ ಹೆಸರು. 1976ರಲ್ಲಿ ಅಲ್ಲಿ ಕಾನೂನು ಬಂತು: ಗುರುತಿಸಿದ ವಾಸದ ಬೀದಿಗಳಲ್ಲಿ ಮಕ್ಕಳು ಆಡಬಹುದು, ಗಾಡಿ ನಡಿಗೆಯ ವೇಗದಲ್ಲೇ ಹೋಗಬೇಕು. ಅವರು ಮಕ್ಕಳನ್ನು ಒಳಗೆ ಕರೆಯಲಿಲ್ಲ, ಕಾರನ್ನು ನಿಧಾನ ಮಾಡಿದರು. ಜಪಾನಿನಲ್ಲಿ ಒಂದನೇ ತರಗತಿಯ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ನಡೆದೇ ಶಾಲೆಗೆ ಹೋಗುತ್ತಾರೆ. ಅಲ್ಲಿನ ಎಷ್ಟೋ ಊರುಗಳಲ್ಲಿ ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ಒಂದು ಹಾಡಿನ ಧಾಟಿ ಕೇಳುತ್ತದೆ, ಮಕ್ಕಳೆಲ್ಲ ಮನೆಗೆ ಹೊರಡಿ ಅಂತ. ನಮ್ಮಮ್ಮ ‘ದೀಪ ಹಚ್ಚೋ ಹೊತ್ತಿಗೆ ಬಾ’ ಅನ್ನುತ್ತಿದ್ದರಲ್ಲ, ಅದೇ ಇದು. ಮಧ್ಯೆ ಎಲ್ಲಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೇ ಒಂದು ಇಡೀ ಭಾಷಣ ಬೇಕು. ಅಮೆರಿಕದಲ್ಲಿ ರೋಜರ್ ಹಾರ್ಟ್ ಎಂಬುವರು 1970ರ ದಶಕದಲ್ಲಿ ಒಂದು ಸಣ್ಣ ಊರಿನ ಮಕ್ಕಳ ಹಿಂದೆ ಹಿಂದೆಯೇ ಓಡಾಡಿ, ಯಾರು ಎಷ್ಟು ದೂರ ಹೋಗುತ್ತಾರೆ ಎಂದು ನಕ್ಷೆ ಮಾಡಿದರು. ಹುಡುಗರ ಸುತ್ತಾಟ ದೊಡ್ಡದು, ಹುಡುಗಿಯರದು ಚಿಕ್ಕದು. ಅಲ್ಲೇ ಹಾಗೆ. ನಮ್ಮಲ್ಲಿ ಹುಡುಗಿ ದೊಡ್ಡವಳಾದ ದಿನ ಗೇಟು ಹಾಕುತ್ತೇವೆ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿಯ ಹುಡುಗಿಯರು ಗುಂಪುಗುಂಪಾಗಿ ರಸ್ತೆಗೆ ಬಂದರು, ನೋಡಿದ್ದೀರಿ. ಆ ಸೈಕಲ್ ಶಾಲೆಗೆ ಮಾತ್ರ ಅಂತ ಅಪ್ಪಂದಿರು ಅಂದುಕೊಂಡಿದ್ದರು. ಹುಡುಗಿಯರು ಹಾಗೆ ಅಂದುಕೊಂಡಿರಲಿಲ್ಲ!

ಕನ್ಸರ್ವೆನ್ಸಿಗಳನ್ನು ಉಳಿಸಿಕೊಳ್ಳಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೆಲವನ್ನು ಗುಡಿಸಿ, ಗೋಡೆಗೆ ಚಿತ್ರ ಬರೆದು ಜನ ಮತ್ತೆ ನಡೆಯುವಂತೆ ಮಾಡಿದ್ದಾರೆ. ಇಲ್ಲಿ ನಾವು ಜನರೇಟರ್ ಇಡುತ್ತೇವೆ, ಶೆಡ್ ಹಾಕುತ್ತೇವೆ, ಆಮೇಲೆ ಮಕ್ಕಳಿಗೆ ಆಡಲು ಜಾಗವಿಲ್ಲ ಎಂದು ಅರ್ಜಿ ಬರೆಯುತ್ತೇವೆ.

ಬೀದಿನಾಯಿ, ಕಿತ್ತುಹೋದ ಫುಟ್‌ಪಾತು, ಇವೆಲ್ಲ ಇವೆ, ಒಪ್ಪಿದೆ. ಅವುಗಳ ಬಗ್ಗೆ ಪಾಲಿಕೆಯವರನ್ನು ಬಿಡದೆ ಕೇಳಿ. ಆದರೆ ಎಲ್ಲ ಸರಿಹೋಗಲಿ ಎಂದು ಕಾಯುತ್ತ ಕೂತರೆ ಮಗುವಿಗೆ ಮೀಸೆ ಬಂದಿರುತ್ತದೆ. ನಾಳೆಯೇ ಒಂದು ಕೆಲಸ ಹೇಳಿ. ಮೊದಲ ಸಲ ಅದೇ ಬೀದಿಯ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಸಾಕು, ರಸ್ತೆ ದಾಟುವುದು ಬೇಡ. ಹಿಂದಿನ ದಿನ ನೀವೇ ಜೊತೆಯಲ್ಲಿ ನಡೆದು ಅಂಗಡಿಯವರಿಗೆ, ಹೂವಿನವರಿಗೆ, ಎದುರು ಮನೆಯ ಅಜ್ಜನಿಗೆ ಮಗುವಿನ ಪರಿಚಯ ಮಾಡಿಸಿ. ಕೈಗೆ ಚಿಲ್ಲರೆ ಕೊಡಿ, ಫೋನ್ ಬೇಡ. ಬಾಲ್ಕನಿಯಿಂದ ಕೂಗಬೇಡಿ. ತಡವಾದರೆ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ರೇಗುವ ಮುಂಚೆ ದಾರಿಯಲ್ಲಿ ಏನೇನು ನೋಡಿದೆ ಎಂದು ಕೇಳಿ. ಕೊತ್ತಂಬರಿ ಬದಲು ಪುದೀನ ತಂದರೆ ಅವತ್ತಿಗೆ ಪುದೀನ ಚಟ್ನಿ ಮಾಡಿಕೊಳ್ಳಿ.

ನಮಸ್ಕಾರ.