ಹೊಸ ಸೆಟ್ಟು ಆಮೇಲೆ, ಮೊದಲು ಕಂಬ ನೋಡಿ

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಭಾಷಣ ಮಾಡುವವನಲ್ಲ, ವೈರ್‌ಲೆಸ್ ಸೆಟ್ ಬಿಚ್ಚಿ ರಿಪೇರಿ ಮಾಡುವವನು. ನಮ್ಮ ಕಲಬುರಗಿ ಜಿಲ್ಲೆಯ ತುರ್ತು ಸಮಯದ ವೈರ್‌ಲೆಸ್ ಹೊಸದು ಮಾಡುವುದು ಹೇಗೆ, ನಾಲ್ಕು ಮಾತು ಹೇಳಿ ಅಂದಿರಿ. ಬಂದಿದ್ದೇನೆ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂತ ಈಗಲೂ ಕೇಳುತ್ತಾರೆ. 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಇಲ್ಲಿ ಸುರಿವ ಮಳೆ, ಮೇಲಿಂದ ಮಹಾರಾಷ್ಟ್ರದ ಉಜನಿ ಡ್ಯಾಮಿನ ನೀರು. ಅಫಜಲಪುರ, ಜೇವರ್ಗಿ ಕಡೆ ಭೀಮಾ ದಂಡೆಯ ಊರುಗಳಿಗೆ ಹೊಳೆಯೇ ನುಗ್ಗಿತ್ತು. ಅಂಥ ಹೊತ್ತಲ್ಲಿ ಮೊದಲು ಕೈಕೊಡುವುದು ಕರೆಂಟು. ಮೊಬೈಲ್ ಟವರಿನ ಬ್ಯಾಟರಿ ಕೆಲವು ತಾಸು ಎಳೆಯುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ಬೇಕು. ರಸ್ತೆಯೇ ಮುಳುಗಿದ್ದರೆ ಯಾರು ತರುತ್ತಾರೆ? ಇನ್ನೊಂದು, ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುತ್ತಾ ಕೂರಬೇಕು. ವೈರ್‌ಲೆಸ್ಸಿನಲ್ಲಿ ಒಮ್ಮೆ ಗುಂಡಿ ಒತ್ತಿದರೆ ಚಾನೆಲ್ಲಿನಲ್ಲಿರುವ ಎಲ್ಲರಿಗೂ ಕೇಳುತ್ತದೆ.

ಹೊಸದು ಮಾಡೋಣ ಅಂದ ಕೂಡಲೇ ಎಲ್ಲರೂ ಹ್ಯಾಂಡ್‌ಸೆಟ್ ಕೊಟೇಶನ್ ತರಿಸುತ್ತಾರೆ. ಎಡವುವುದೇ ಅಲ್ಲಿ. ಸೆಟ್ಟು ಎಷ್ಟೇ ದುಬಾರಿ ಇರಲಿ, ಅದು ಬಳಸುವ ವಿಎಚ್‌ಎಫ್ ರೇಡಿಯೊ ತರಂಗ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ, ಭೂಮಿ ಮಾತ್ರ ಬಾಗಿದೆ. 30 ಮೀಟರ್ ಎತ್ತರದ ಆಂಟೆನಾ ಕಂಬದಿಂದ ಕೈಯಲ್ಲಿ ಹಿಡಿದ ಸೆಟ್ಟಿಗೆ ಬಯಲಲ್ಲೂ ಅಂದಾಜು 27 ಕಿಲೋಮೀಟರ್. ಅಲ್ಲಿಗೆ ಕಲಬುರಗಿಯಿಂದ ಜೇವರ್ಗಿಯೇ ಸಿಗುವುದಿಲ್ಲ, ಅಫಜಲಪುರ ಇನ್ನೂ ದೂರ. ಚಿಂಚೋಳಿಗೆ ದೂರದ ಜೊತೆ ಗುಡ್ಡ, ಕಾಡೂ ಅಡ್ಡ. ಅದಕ್ಕೇ ರಿಪೀಟರ್ ಬೇಕು. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುವ ಪೆಟ್ಟಿಗೆ. ದುಡ್ಡು ಕಡಿಮೆ ಇದ್ದರೆ ಹತ್ತು ಸೆಟ್ಟು ಕಮ್ಮಿ ಕೊಳ್ಳಿ, ಒಂದು ರಿಪೀಟರ್ ಜಾಸ್ತಿ ಹಾಕಿ.

ಈ ಕನೆಕ್ಟರ್ ನೋಡಿ, ಕೈಯಿಂದ ಕೈಗೆ ದಾಟಿಸಿ. ಒಳಗೆ ಹಸಿರು ಕಾಣುತ್ತಿದೆ ಅಲ್ವಾ? ತಾಮ್ರಕ್ಕೆ ಹಿಡಿದ ಕಿಲುಬು. ಒಂದು ಆಫೀಸಿನವರು, ಹೆಸರು ಬೇಡ, ಸೆಟ್ಟು ಸತ್ತಿದೆ, ಬೇರೆ ಕೊಡಿಸಿ ಅಂದಿದ್ದರು. ಸೆಟ್ಟು ಗಟ್ಟಿಮುಟ್ಟಾಗಿಯೇ ಇತ್ತು. ಆಂಟೆನಾ ಜೋಡಿಸುವ ಕಡೆ ಯಾರೋ ಸುಮ್ನೆ ಸಾದಾ ಟೇಪ್ ಸುತ್ತಿದ್ದರು. ಬಿಸಿಲಿಗೆ ಅದು ಸುಲಿದು, ಮಳೆನೀರು ಕೇಬಲ್ಲಿನೊಳಗೇ ಇಳಿದಿತ್ತು. ಕೇಬಲ್, ಕನೆಕ್ಟರ್ ಬದಲಿಸಿ, ನೀರು ತಡೆಯುವ ರಬ್ಬರ್ ಟೇಪ್ ಎಳೆದು ಸುತ್ತಿದೆ. ಅದೇ ಹಳೆ ಸೆಟ್ಟು ಮಾತಾಡಿತು.

ನಮ್ಮ ಬಿಸಿಲು ಬ್ಯಾಟರಿಗೂ ಶತ್ರು. ಸೀಸ-ಆಸಿಡ್ ಬ್ಯಾಟರಿ 25 ಡಿಗ್ರಿ ದಾಟಿ ಪ್ರತಿ 10 ಡಿಗ್ರಿ ಬಿಸಿಯಾದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಅದನ್ನು ಇಟ್ಟರೆ ಹೇಗೆ ಬಾಳೀತು? ನೆರಳು, ಗಾಳಿ ಕೊಡಿ. ಬಿಸಿಲಿಗೇನು ಬರ, ಸೋಲಾರ್ ಪ್ಯಾನೆಲ್ ಹಾಕಿ. ಆದರೆ ಮೋಡ ಮುಚ್ಚಿದ ಮೂರು ದಿನದ ಲೆಕ್ಕಕ್ಕೆ ಬ್ಯಾಟರಿ ಇರಲಿ. ಕಂಬಕ್ಕೆ ಅರ್ಥಿಂಗ್ ಮರೆಯಬೇಡಿ. ಸಿಡಿಲು ಟೆಂಡರ್ ಕಾಗದ ಓದಿ ಬೀಳುವುದಿಲ್ಲ.

ಈಗ ಡಿಜಿಟಲ್, ಅಂದರೆ ದನಿಯನ್ನು ಅಂಕಿಯಾಗಿ ಬದಲಿಸಿ ಕಳಿಸುವ ಸೆಟ್ಟು. ಅದಕ್ಕೆ ಡಿಎಂಆರ್ ಅನ್ನುವ ಮಾನದಂಡ 2005ರಲ್ಲಿ ಬಂತು. 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ಎರಡು ಮಾತುಕತೆ ನಡೆಯುತ್ತವೆ. ದನಿ ಸ್ವಚ್ಛ. ನನಗೂ ಇಷ್ಟವೇ. ಆದರೆ ಒಂದು ಗುಣ ತಿಳಿದಿರಲಿ. ಹಳೆಯ ಅನಲಾಗ್ ಸೆಟ್ಟು ದೂರ ಹೋದಂತೆ ಸುಯ್ ಅನ್ನಲು ಶುರು ಮಾಡುತ್ತದೆ. ಪಳಗಿದ ಕಿವಿ ಆ ಸದ್ದಿನಲ್ಲೂ ‘ದೋಣಿ ಕಳಿಸಿ’ ಅನ್ನುವುದನ್ನು ಹೆಕ್ಕುತ್ತದೆ. ಡಿಜಿಟಲ್ ಕೊನೆಯವರೆಗೂ ಚೆನ್ನಾಗಿ ಕೇಳಿ, ಥಟ್ಟನೆ ಮಾಯ. ಅಂಚಿನಲ್ಲಿದ್ದೇವೆ ಅನ್ನುವ ಸುಳಿವೇ ಇಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ನೀವು ಡಿಜಿಟಲ್‌ಗೆ ಹೋಗಿ, ಪಕ್ಕದ ಇಲಾಖೆ ಅನಲಾಗ್‌ನಲ್ಲೇ ಉಳಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗೊರಗೊರ. ದೋಣಿಯವರು, ಫೈರ್‌ನವರು, ತಹಶೀಲ್ದಾರರು ಒಂದೇ ದಂಡೆಯಲ್ಲಿ ನಿಂತು ಕೈಸನ್ನೆ ಮಾಡಬೇಕಾದೀತು. ಅದಕ್ಕೇ ಎರಡೂ ಬಗೆಯಲ್ಲಿ ಮಾತಾಡುವ ಸೆಟ್ಟು ಕೊಳ್ಳಿ. ಎಲ್ಲ ಇಲಾಖೆಗೂ ಒಂದು ಸಾಮಾನ್ಯ ಚಾನೆಲ್ ಇರಲಿ. ಫ್ರೀಕ್ವೆನ್ಸಿಗೆ ದೂರಸಂಪರ್ಕ ಇಲಾಖೆಯಲ್ಲಿ ಫ್ರೀಕ್ವೆನ್ಸಿ ಹಂಚುವ ಡಬ್ಲ್ಯುಪಿಸಿ ವಿಭಾಗದ ಲೈಸೆನ್ಸ್ ಬೇಕು, ಆ ಕಾಗದಪತ್ರ ಮೊದಲೇ ಶುರು ಮಾಡಿ. ಹೊಸದು ಒಂದು ಮಳೆಗಾಲ ದಾಟುವವರೆಗೆ ಹಳೆಯದನ್ನು ಕಳಚಬೇಡಿ.

ಕೊಟೇಶನ್ ಕರೆಯುವ ಮೊದಲು ಒಂದು ಕೆಲಸ ಮಾಡೋಣ. ಈಗಿರುವ ಸೆಟ್ಟನ್ನೇ ಹಿಡಿದು ಹೊಳೆ ದಂಡೆ ಗುಂಟ ಹೋಗೋಣ. ಸೊನ್ನ ಬ್ಯಾರೇಜ್, ಘತ್ತರಗಿ, ಗಾಣಗಾಪುರ, ಪ್ರತಿ ಕಡೆ ನಿಂತು ಒಂದರಿಂದ ಹತ್ತು ಎಣಿಸೋಣ. ಇಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂತವರು ಯಾವ ಅಂಕಿ ಕೇಳಿಸಿತು, ಯಾವುದು ಇಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆಯಲಿ. ಜೀಪು ಯಾರು ಕೊಡುತ್ತೀರಿ ಹೇಳಿ. ನಾಳೆ ಬೇಕಾದರೂ ನಾನು ಬರುತ್ತೇನೆ.